ಸ್ಟೆಪ್ನಿ ಯಾಕೆ ಕಾಲು ನೆಕ್ಕುತ್ತೆ?

ನಾಯಿ ಸಾಕಿದ ಮನೆಯವರಿಗೆಲ್ಲ ಈ ಸದ್ದು ಗೊತ್ತು. ಊಟ ಮುಗಿದು ಮನೆ ಸ್ವಲ್ಪ ಸುಮ್ಮನಾದಾಗ ಮೂಲೆಯಿಂದ ಚಪ್ ಚಪ್ ಅಂತ ಶುರುವಾಗುತ್ತದೆ. ನಾಯಿ ತನ್ನ ಕಾಲು ನೆಕ್ಕಿಕೊಳ್ಳುತ್ತಿರುತ್ತದೆ. ಯಾರಾದರೊಬ್ಬರು "ಏಯ್, ಸಾಕು" ಅಂತ ಗದರುತ್ತಾರೆ, ನಾಯಿ ನಿಲ್ಲಿಸುತ್ತದೆ. ಗದರಿದವರು ಆಚೆ ತಿರುಗಿದ ಕೂಡಲೇ ಮತ್ತೆ ಅದೇ ಸದ್ದು. ಎದ್ದು ಹೋಗಿ ಆ ಕಾಲನ್ನು ಎತ್ತಿ ನೋಡುವವರು ಮಾತ್ರ ಕಡಿಮೆ.

ಗ್ಯಾರೇಜ್ ಮನೆಯಲ್ಲೂ ಹಾಗೇ ಆಯಿತು. ಮುಂದೆ ಅಂಗಳದಲ್ಲಿ ಗ್ಯಾರೇಜು, ಹಿಂದೆ ಎರಡು ಕೋಣೆಯ ಮನೆ, ಪಕ್ಕದ ತಗಡಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಗಂಡ ಮೆಕ್ಯಾನಿಕ್. ಹೆಂಡತಿ ಬಟ್ಟೆ ಹೊಲಿಯುತ್ತಾಳೆ, ಅವಳನ್ನು ಎಲ್ಲರೂ ಟೈಲರಮ್ಮ ಅಂತಲೇ ಕರೆಯುವುದು. ಜೊತೆಗೆ ಮೆಕ್ಯಾನಿಕ್‌ನ ತಾಯಿ. ಆಮೇಲೆ ಸ್ಟೆಪ್ನಿ. ಮರಿಯಾಗಿದ್ದಾಗ ಯಾರದೋ ಗಾಡಿಯ ಸ್ಟೆಪ್ನಿ ಟೈರಿನೊಳಗೆ ಸುತ್ತಿಕೊಂಡು ಮಲಗಿದ್ದು ಸಿಕ್ಕಿದ ನಾಯಿ, ಅದಕ್ಕೇ ಆ ಹೆಸರು.

ಕೆಟ್ಟು ನಿಂತ ಗಾಡಿ ನೋಡಲು ಮೆಕ್ಯಾನಿಕ್ ಎಲ್ಲೆಲ್ಲಿಗೋ ಹೋಗುತ್ತಿದ್ದ. ಆಗ ಅಷ್ಟು ದೊಡ್ಡ ಅಂಗಳದಲ್ಲಿ ಇಬ್ಬರೇ ಹೆಂಗಸರು. ಯಂತ್ರ ತುಳಿಯುತ್ತಾ ಕೂತರೆ ಗೇಟು ತೆರೆದ ಸದ್ದು ಟೈಲರಮ್ಮನಿಗೆ ಕೇಳುತ್ತಿರಲಿಲ್ಲ, ಸ್ಟೆಪ್ನಿಗೆ ಕೇಳುತ್ತಿತ್ತು. ಅದು ಇದ್ದ ಮೇಲೆ ಅವಳು ಒಂದು ದಿನವೂ ಹೆದರಿದವಳಲ್ಲ. ಅವಳಿಗೆ ಆ ನಾಯಿ ಮೇಲೆ ಜೀವ, ಅದನ್ನು ಮುಚ್ಚಿಡುವ ಹೆಂಗಸೂ ಅಲ್ಲ ಅವಳು.

"ಅತ್ತೆ, ಇದ್ಯಾಕೋ ಬೆಳಗಿಂದ ಒಂದೇ ಕಾಲು ನೆಕ್ಕುತ್ತಿದೆ, ನೋಡಿ" ಅಂದಳು ಒಂದು ಮಧ್ಯಾಹ್ನ.

ಅತ್ತೆ ತಲೆ ಎತ್ತಲಿಲ್ಲ. "ಅದಕ್ಕೇನು ಹೊಲಿಯೋದಿದೆಯಾ, ಬೇಯಿಸೋದಿದೆಯಾ? ಹೊತ್ತು ಹೋಗಬೇಕಲ್ಲ. ನೆಕ್ಕಿಕೊಳ್ಳಲಿ ಬಿಡು. ನಾಯಿ ಎಂಜಲಲ್ಲೇ ಔಷಧಿ ಇರುತ್ತೆ."

ಟೈಲರಮ್ಮ ಬಿಡಲಿಲ್ಲ. ಕೆಳಗೆ ಕೂತು ಮುಂಗಾಲು ಎತ್ತಿ ನೋಡಿದಳು. ಬೆರಳುಗಳ ಸಂದಿ ಕೆಂಪಾಗಿತ್ತು, ಮುಟ್ಟಿದರೆ ಬಿಸಿ. ಬೆಳ್ಳಗಿದ್ದ ಕೂದಲು ನೆಕ್ಕಿ ನೆಕ್ಕಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಸಂಜೆ ಗಂಡ ಬಂದ ಮೇಲೆ ತೋರಿಸಿದಳು.

"ಇಷ್ಟಕ್ಕೆ ಇಷ್ಟು ಮುಖ ಸಣ್ಣ ಮಾಡ್ಕೊಂಡಿದೀಯಾ? ತಾಳು, ನನ್ನ ಹತ್ರ ಮದ್ದಿದೆ" ಅಂದ ಮೆಕ್ಯಾನಿಕ್.

ಅವನ ಮದ್ದು ಯಾವುದು ಅಂತ ಆ ಬೀದಿಗೆಲ್ಲ ಗೊತ್ತು. ಗಾಡಿಗಳಿಂದ ಇಳಿಸಿದ ಹಳೇ ಇಂಜಿನ್ ಆಯಿಲ್. ಗೇಟು ಕಿರುಗುಟ್ಟಿದರೆ ಅದೇ, ಬಾಗಿಲಿಗೆ ಗೆದ್ದಲು ಹತ್ತಿದರೆ ಅದೇ, ಬೀಗ ಬಿಗಿಯಾದರೆ ಅದೇ. ಡಬ್ಬಿಯಲ್ಲಿ ಬ್ರಷ್ ಅದ್ದಿ ಸ್ಟೆಪ್ನಿಯ ಪಾದಕ್ಕೆ ದಪ್ಪಗೆ ಬಳಿದ. ನಾಯಿ ಕಾಲು ಎಳೆದುಕೊಂಡು ಕುಂಯ್‌ಗುಟ್ಟಿತು.

"ಉರಿಯುತ್ತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ" ಅಂದ. ಮೇಲೆ ಟ್ಯೂಬ್ ರಬ್ಬರಿನ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿದ. "ನೀರು ಹೋಗಲ್ಲ, ಧೂಳು ಹೋಗಲ್ಲ. ಇನ್ನು ನೆಕ್ಕೋಕೂ ಆಗಲ್ಲ. ಮುಗೀತು."

ಮುಗಿಯಲಿಲ್ಲ. ಸ್ಟೆಪ್ನಿ ರಬ್ಬರಿನ ಅಂಚಲ್ಲಿ ನಾಲಿಗೆ ತೂರಿಸಿ ಆ ಎಣ್ಣೆಯನ್ನೂ ನೆಕ್ಕಿತು, ಎರಡು ಸಲ ವಾಂತಿ ಮಾಡಿಕೊಂಡಿತು. ಆ ವಾರ ಮುಗಿಯುವಷ್ಟರಲ್ಲಿ ಮೂರು ಕಾಲಲ್ಲಿ ಕುಂಟುತ್ತಿತ್ತು. ಹತ್ತಿರ ಹೋದರೆ ಕೊಳೆತ ವಾಸನೆ. ಮೆಕ್ಯಾನಿಕ್ ಎರಡನೇ ಸಲ ಎಣ್ಣೆ ಡಬ್ಬಿ ಹಿಡಿದು ಬಂದಾಗ ಸ್ಟೆಪ್ನಿ ಹಲ್ಲು ಬಿಟ್ಟು ಗುರ್ ಅಂತು. ಅವನು ಕಾಲಿಗೆ ಕೈ ಹಾಕಿದ. ನಾಯಿ ಎಗರಿ ಅವನ ಅಂಗಿಯ ತೋಳು ಹಿಡಿದು ಹರಿದುಹಾಕಿತು. ಹಲ್ಲು ಚರ್ಮಕ್ಕೆ ತಾಗಲಿಲ್ಲ, ಪುಣ್ಯ.

ಅವನ ಮುಖ ಬಿಳಿಚಿಕೊಂಡಿತು. ಆಮೇಲೆ ಕೆಂಪಾಯಿತು.

"ಸಾಕು. ಹತ್ತಾರು ಗಿರಾಕಿ ಬಂದು ಹೋಗೋ ಜಾಗ ಇದು. ಸಾಕಿದೋನ ಮೇಲೇ ಬಾಯಿ ಹಾಕೋ ನಾಯಿ ನಾಳೆ ಇನ್ಯಾರಿಗೋ ಹಾಕುತ್ತೆ. ಆ ಮೂಲೇಲಿ ನಿಂತಿರೋ ಲಾರಿಯ ಡ್ರೈವರ್ ಕಲ್ಲು ಒಡೆಯೋ ಜಾಗಕ್ಕೆ ಒಂದು ನಾಯಿ ಬೇಕು ಅಂತಿದ್ದ. ಅವನ ಲಾರಿ ರಿಪೇರಿ ಮುಗಿದ ದಿನ ಇದೂ ಅದರ ಜೊತೆ ಹೋಗುತ್ತೆ."

"ಕುಂಟೋ ನಾಯೀನ ಕಲ್ಲಿನ ರಾಶಿ ಮೇಲೆ ಬಿಡ್ತೀರಾ?"

"ಅದರ ಹಣೇಲಿ ಬರೆದಿದ್ದು ಅಷ್ಟು."

ಅಂಗಳದ ಮೂಲೆಯಲ್ಲಿ ಆ ಲಾರಿ ನಿಂತಿತ್ತು. ಅದರ ಗೇರ್‌ಬಾಕ್ಸ್ ಬಿಚ್ಚಿ ಹರಡಿದ್ದಾಗಿತ್ತು, ಬೇಕಾದ ಭಾಗ ಇನ್ನೂ ಬಂದಿರಲಿಲ್ಲ. ಟೈಲರಮ್ಮ ಲಾರಿಯನ್ನೇ ನೋಡುತ್ತಾ ನಿಂತಳು. ಅತ್ತು ಕೂರುವ ಜಾತಿಯಲ್ಲ ಅವಳು.

"ಸರಿ ಕಣ್ರೀ" ಅಂದಳು. "ಲಾರಿ ಹೊರಡೋವರೆಗೆ ನಾಯಿ ನನ್ನದು. ಅಲ್ಲೀವರೆಗೆ ನಾನು ಏನು ಮಾಡಿದರೂ ಅಡ್ಡ ಬರಬೇಡಿ."

ಮರುದಿನ ಬೆಳಿಗ್ಗೆ ಮೆತ್ತನೆ ಬಟ್ಟೆಯ ಪಟ್ಟಿಯಿಂದ ಸ್ಟೆಪ್ನಿಯ ಮೂತಿಗೆ ಹಗುರಾಗಿ ಕಟ್ಟಿದಳು. ಉಸಿರಾಟಕ್ಕೆ ತೊಂದರೆ ಇಲ್ಲ ಅಂತ ನೋಡಿಕೊಂಡಳು. ತಲೆ ಸವರುತ್ತಾ ಕತ್ತರಿಯ ಮೊಂಡು ತುದಿ ಒಳಗೆ ತೂರಿಸಿ ರಬ್ಬರ್ ಪಟ್ಟಿ ಕತ್ತರಿಸಿದಳು. ಒಳಗೆ ಪಾದ ಊದಿತ್ತು. ಬೆರಳ ಸಂದಿಯಲ್ಲಿ ಗುಳ್ಳೆ, ಗುಳ್ಳೆಯಿಂದ ಕೀವು. ಸುತ್ತ ಚರ್ಮ ಬೆಂದ ಹಾಗೆ ಸಿಪ್ಪೆ ಏಳುತ್ತಿತ್ತು.

ಅತ್ತೆ ಬಾಗಿಲಿಂದಲೇ ಇಣುಕಿದರು. "ಅಯ್ಯೋ ದೇವರೇ. ನೆಕ್ಕಿದರೆ ವಾಸಿ ಆಗುತ್ತೆ ಅಂದೆನಲ್ಲ ನಾನು."

"ನೀವು ಅಂದಿರಿ, ಅವರು ಬಳಿದರು, ನಾನು ನೋಡ್ತಾ ನಿಂತೆ. ಮೂರು ಜನಾನೂ ಸೇರಿಯೇ ಮಾಡಿದ್ದು" ಅಂದಳು ಟೈಲರಮ್ಮ. "ಈಗ ಆಸ್ಪತ್ರೆಗೆ ಹೋಗ್ತೀನಿ."

ಗೇಟಿಗೆ ಬಂದ ಆಟೋದವನು ವಾಸನೆಗೆ ಮೂಗು ಮುಚ್ಚಿಕೊಂಡು ಬಂದ ದಾರಿ ಹಿಡಿದ. ಅವಳು ನಾಯಿಯನ್ನು ಎತ್ತಿಕೊಂಡು ನಡೆಯಲು ಶುರು ಮಾಡಿದಳು. ಸ್ಟೆಪ್ನಿ ಏನು ಹೂವಿನ ಬುಟ್ಟಿಯಲ್ಲ. ಬೀದಿಯ ತಿರುವಿಗೆ ಹೋಗುವಷ್ಟರಲ್ಲಿ ಅವಳಿಗೆ ಏದುಸಿರು. ಹಿಂದಿನಿಂದ ಗ್ಯಾರೇಜಿನ ವ್ಯಾನಿನ ಹಾರ್ನ್ ಕೇಳಿತು.

"ಹತ್ತು" ಅಂದ ಮೆಕ್ಯಾನಿಕ್, ಮುಖ ಗಂಟು ಹಾಕಿಕೊಂಡೇ. "ನಾಯಿಗೋಸ್ಕರ ಅಲ್ಲ. ನೀನು ಸೊಂಟ ಹಿಡ್ಕೊಂಡ್ರೆ ಮನೆಗೆಲಸ ನನ್ನ ತಲೆಗೆ ಬರುತ್ತೆ."

ಪಶು ಆಸ್ಪತ್ರೆಯ ಡಾಕ್ಟರಮ್ಮ ಮಾತಿನಲ್ಲಿ ಬಿಗಿ, ಕೈ ಮಾತ್ರ ಹಗುರ. ಮೊದಲು ಕೇಳಿದ್ದೇ ಇದು: "ಏನು ಹಚ್ಚಿದ್ರಿ?"

ಮೆಕ್ಯಾನಿಕ್ ಛಾವಣಿಯ ಫ್ಯಾನ್ ನೋಡಿದ. ಟೈಲರಮ್ಮ ಅವನನ್ನು ನೋಡಿದಳು.

"ಇಂಜಿನ್ ಆಯಿಲ್" ಅಂದ ಕೊನೆಗೆ. "ನಮ್ಮ ಕಡೆ ಎಲ್ಲರೂ ಹಚ್ತಾರೆ, ಮೇಡಂ."

"ಎಲ್ಲರೂ ಹಚ್ತಾರೆ, ಎಲ್ಲರೂ ಆಮೇಲೆ ಇಲ್ಲಿಗೇ ಬರ್ತಾರೆ. ಹಳೇ ಆಯಿಲ್ ಚರ್ಮ ಸುಡುತ್ತೆ. ನಾಯಿ ಅದನ್ನ ನೆಕ್ಕುತ್ತೆ, ಹೊಟ್ಟೆಗೆ ವಿಷ ಹೋಗುತ್ತೆ. ಸೀಮೆಎಣ್ಣೆ, ಫಿನಾಯಿಲ್, ಬ್ಲೀಚಿಂಗ್ ಪೌಡರ್, ಯಾವುದನ್ನೂ ಹಚ್ಚಬಾರದು. ಮೇಲೆ ರಬ್ಬರ್ ಬೇರೆ ಸುತ್ತಿದ್ದೀರಿ. ಒಳಗೆ ಬಿಸಿ, ಒಳಗೆ ತೇವ. ರೋಗದ ಕ್ರಿಮಿಗೆ ಇನ್ನೇನು ಬೇಕು?"

"ಆದ್ರೆ ಇದು ಕಚ್ಚೋಕೆ ಬಂತು, ಮೇಡಂ. ಒಳ್ಳೇ ನಾಯಿ ಆಗಿತ್ತು, ತಲೆ ಕೆಟ್ಟಿದೆ."

"ರೇಬೀಸ್ ಚುಚ್ಚುಮದ್ದು ಆಗಿದೆಯಾ?"

"ವರ್ಷಾ ವರ್ಷ ನಾನೇ ಹಾಕಿಸ್ತೀನಿ" ಅಂದಳು ಟೈಲರಮ್ಮ.

"ಒಳ್ಳೇದು. ಆದರೂ ಯಾವ ನಾಯಿಯ ಹಲ್ಲು ತಾಗಿ ಚರ್ಮ ತರಚಿದರೂ ಕೂಡಲೇ ಸೋಪು ಹಾಕಿ, ಹರಿಯೋ ನೀರಲ್ಲಿ ಕಾಲು ಗಂಟೆ ತೊಳೀಬೇಕು. ಆಮೇಲೆ ಆಸ್ಪತ್ರೆಗೆ ಹೋಗಬೇಕು." ಡಾಕ್ಟರಮ್ಮ ಮೆಕ್ಯಾನಿಕ್ ಕಡೆ ತಿರುಗಿದರು. "ಇದು ಕಚ್ಚೋ ನಾಯಿ ಅಲ್ಲ. ನೋವಿರೋ ನಾಯಿ. ಬೆಂದ ಕಾಲಿಗೆ ನೀವು ಕೈ ಹಾಕಿದ್ರಿ, ಅದು ಬೇಡ ಅಂತು. ಅದಕ್ಕೆ ಬೇರೆ ಭಾಷೆ ಗೊತ್ತಿಲ್ಲ."

ಮೆಕ್ಯಾನಿಕ್ ಒಂದು ಹೆಜ್ಜೆ ಹಿಂದೆ ಸರಿದ.

ಡಾಕ್ಟರಮ್ಮ ಕೀವನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮೇಲೆ ಪಾದದ ಎಕ್ಸ್-ರೇ ತೆಗೆಸಿದರು. ಬೆಳಕಿಗೆ ಹಿಡಿದು ಗಂಡ ಹೆಂಡತಿ ಇಬ್ಬರನ್ನೂ ಹತ್ತಿರ ಕರೆದರು. ಎರಡು ಬೆರಳುಗಳ ಎಲುಬಿನ ನಡುವೆ ಕೂದಲೆಳೆಯಷ್ಟು ತೆಳ್ಳಗೆ, ಬಿಳಿಯ ಗೆರೆಯೊಂದು ನೆಟ್ಟಗೆ ನಿಂತಿತ್ತು.

"ಇದು ಎಲುಬಲ್ಲ. ಲೋಹ."

ಸ್ಟೆಪ್ನಿಗೆ ಮಂಪರು ಬರುವ ಚುಚ್ಚುಮದ್ದು ಕೊಟ್ಟು, ಗುಳ್ಳೆ ಕೊಯ್ದು, ಚಿಮುಟದಿಂದ ಅದನ್ನು ಹೊರಗೆಳೆದು ಸ್ಟೀಲಿನ ತಟ್ಟೆಯಲ್ಲಿಟ್ಟರು. ಮೆಕ್ಯಾನಿಕ್ ಬಗ್ಗಿ ನೋಡಿದ. ಯಾರೂ ಹೇಳಬೇಕಾಗಿರಲಿಲ್ಲ. ತುಕ್ಕು ಉಜ್ಜುವ ತಂತಿ ಬ್ರಷ್ಷಿನ ಎಳೆ. ದಿನಾ ಅವನೇ ಉಜ್ಜುವುದು, ದಿನಾ ಎಳೆಗಳು ಉದುರುವುದು, ದಿನಾ ಅವನೇ ಅವುಗಳ ಮೇಲೆ ಬೂಟು ಹಾಕಿಕೊಂಡು ಓಡಾಡುವುದು.

"ನನ್ನ ಬ್ರಷ್ಷಿಂದು" ಅಂದ, ದನಿ ಇಳಿದಿತ್ತು.

"ಕೆಲವು ನಾಯಿಗೆ ತಂತಿ, ಕೆಲವಕ್ಕೆ ಮುಳ್ಳು, ಕೆಲವಕ್ಕೆ ಹುಲ್ಲಿನ ಬೀಜ ಹೊಕ್ಕಿರುತ್ತೆ" ಅಂದರು ಡಾಕ್ಟರಮ್ಮ. "ಏನೂ ಹೊಕ್ಕದೆ, ಚಿಗಟಕ್ಕೋ ತಿನ್ನೋ ಪದಾರ್ಥಕ್ಕೋ ಅಲರ್ಜಿ ಆಗಿ ನೆಕ್ಕೋ ನಾಯಿಗಳೂ ಬಹಳ. ಸದಾ ಒದ್ದೆ ನೆಲದಲ್ಲಿರೋ ನಾಯಿಗೆ ಬೂಷ್ಟಿನ ಸೋಂಕು. ಕಾರಣ ಬೇರೆ, ಔಷಧಿ ಬೇರೆ. ಅದಕ್ಕೇ ಪರೀಕ್ಷೆ ಮಾಡೋದು. ನೆಕ್ಕಿದರೆ ವಾಸಿ ಆಗಲ್ಲ, ಗಾಯ ಇನ್ನೂ ಹಸಿ ಆಗುತ್ತೆ. ನಿಮ್ಮದರಲ್ಲಿ ಸೋಂಕು ಆಳಕ್ಕೆ ಇಳಿದಿದೆ. ಎಲುಬು ಇನ್ನೂ ಚೆನ್ನಾಗಿದೆ. ಅಲ್ಲಿಗೂ ಮುಟ್ಟಿದ್ರೆ ಬೆರಳು ತೆಗೀಬೇಕಾಗುತ್ತೆ, ಕೆಲವು ಸಲ ಅಷ್ಟಕ್ಕೇ ನಿಲ್ಲಲ್ಲ."

ಟೈಲರಮ್ಮ ನಾಯಿಯ ತಲೆ ಮೇಲೆ ಕೈ ಇಟ್ಟಳು. "ನಾನು ಏನು ಮಾಡಬೇಕು ಅಂತ ಹೇಳಿ, ಮೇಡಂ. ಒಂದೂ ತಪ್ಪಿಸಲ್ಲ."

"ದಿನಾ ಎರಡು ಹೊತ್ತು ನಾನು ಕೊಡೋ ದ್ರಾವಣ ಉಗುರುಬೆಚ್ಚಗಿನ ನೀರಿಗೆ ಹಾಕಿ ಪಾದ ಅದ್ದಿ ತೊಳೀರಿ. ಆಮೇಲೆ ಬೆರಳ ಸಂದಿ ಸಂದಿ ಒತ್ತಿ ಒರೆಸಿ, ಪೂರ್ತಿ ಒಣಗಬೇಕು. ಉಜ್ಜಬೇಡಿ. ಗುಳ್ಳೆ ಹಿಂಡಬೇಡಿ. ಕೊರಳಿಗೆ, ಆಲಿಕೆಯ ಹಾಗೆ ಮುಖದ ಸುತ್ತ ನಿಲ್ಲೋ ಈ ಪ್ಲಾಸ್ಟಿಕ್ ಕೊಳವೆ ಪಟ್ಟಿ ಯಾವಾಗಲೂ ಇರಲಿ, ಇಲ್ಲದಿದ್ರೆ ನಾಲಿಗೆ ಗಾಯಕ್ಕೆ ಹೋಗುತ್ತೆ. ಮಾತ್ರೆ ನಾನು ಸಾಕು ಅನ್ನೋವರೆಗೆ. ಮುಟ್ಟಿದ ಮೇಲೆ ನಿಮ್ಮ ಕೈ ಸೋಪಲ್ಲಿ ತೊಳೀರಿ."

"ನೋವಿಗೆ ನನ್ನ ತಲೆನೋವಿನ ಮಾತ್ರೆ ಅರ್ಧ ಕೊಡಬಹುದಾ?" ಅಂತ ಮೆಕ್ಯಾನಿಕ್ ಕೇಳಿದ. ಪಾಪ, ಈ ಸಲ ಒಳ್ಳೇ ಮನಸ್ಸಿಂದಲೇ ಕೇಳಿದ್ದು.

"ಬೇಡ. ಮನುಷ್ಯರ ನೋವಿನ ಮಾತ್ರೆ ನಾಯಿ ಜೀವ ತೆಗೀಬಹುದು. ಮನುಷ್ಯರ ಮುಲಾಮೂ ಬೇಡ."

ಮನೆಗೆ ಬಂದ ದಿನದಿಂದ ಟೈಲರಮ್ಮನ ಹಠ ಶುರುವಾಯಿತು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಪಾದ ತೊಳೆಯುವುದು, ಸಂಜೆ ದೀಪ ಹಾಕುವ ಮೊದಲು ಮತ್ತೊಮ್ಮೆ. ಹಳೇ ಬಟ್ಟೆಯನ್ನು ಸಣ್ಣ ಸಣ್ಣ ಚೌಕ ಮಾಡಿ, ಒಗೆದು ಒಣಗಿಸಿ ಇಟ್ಟಿದ್ದಳು, ಪ್ರತಿ ಬೆರಳ ಸಂದಿಗೂ ಹೊಸ ಚೌಕ. ಮಾತ್ರೆಯನ್ನು ಬೇಯಿಸಿದ ಮೊಟ್ಟೆಯ ಹಳದಿಯೊಳಗೆ ಬಚ್ಚಿಟ್ಟು ಕೊಡುವಳು. ಸ್ಟೆಪ್ನಿ ಮೊಟ್ಟೆ ತಿಂದು ಮಾತ್ರೆ ಮಾತ್ರ ಅಚ್ಚುಕಟ್ಟಾಗಿ ಉಗುಳುವುದು. ಅವಳು ಮತ್ತೊಂದು ತುಂಡು ತರುವಳು. ಇಬ್ಬರಲ್ಲಿ ಯಾರು ಹೆಚ್ಚು ಮೊಂಡು ಅಂತ ಅತ್ತೆಗೆ ತೀರ್ಪು ಕೊಡಲಾಗಲಿಲ್ಲ.

ಕೊಳವೆ ಪಟ್ಟಿ ಹಾಕಿಕೊಂಡ ಸ್ಟೆಪ್ನಿ ಬಾಗಿಲಿಗೆ ಗುದ್ದಿತು, ಬಕೆಟ್ ಬೀಳಿಸಿತು, ಅತ್ತೆಯ ಸೀರೆಯ ನೆರಿಗೆ ಎಳೆಯಿತು. ಊತ ಇಳಿದು, ವಾಸನೆ ಹೋಗಿ, ನಾಯಿ ನಾಲ್ಕನೇ ಕಾಲನ್ನು ಮೆಲ್ಲಗೆ ನೆಲಕ್ಕೂರಿದಾಗ ಅತ್ತೆಗೆ ಕರುಳು ಕರಗಿತು. ಸೊಸೆ ಬಟ್ಟೆ ಕೊಟ್ಟು ಬರಲು ಹೋಗಿದ್ದಾಗ ಪಟ್ಟಿ ಬಿಚ್ಚಿಬಿಟ್ಟರು.

ಅವಳು ಮರಳಿ ಬಂದಾಗ ಗಾಯ ಮತ್ತೆ ಕೆಂಪು, ಒಂದು ಕಡೆ ರಕ್ತ ಕೂಡ.

"ಪಾಪ ಅನ್ನಿಸ್ತು ಕಣಮ್ಮಾ" ಅಂದರು ಅತ್ತೆ.

"ಪಾಪ ಅನ್ನೋದು ನನಗೂ ಇದೆ, ಅತ್ತೆ. ಅದಕ್ಕೇ ಕಟ್ಟಿರೋದು" ಅಂದು ಟೈಲರಮ್ಮ ಪಟ್ಟಿಯನ್ನು ಮತ್ತೆ ಹಾಕಿದಳು.

ಮೆಕ್ಯಾನಿಕ್ ಮಧ್ಯೆ ಬಾಯಿ ಹಾಕಿದ. "ಹೇಗಿದ್ರೂ ನಡೀತಿದೆಯಲ್ಲ. ಮಾತ್ರೆನಾದ್ರೂ ನಿಲ್ಲಿಸು. ಎಷ್ಟೂಂತ ತಿನ್ನಿಸ್ತೀಯಾ?"

"ನೀವು ಬ್ರೇಕ್ ಅರ್ಧ ಬಿಗಿ ಮಾಡಿ, ಗಾಡಿ ನಡೀತಿದೆಯಲ್ಲ ಅಂತ ಗಿರಾಕೀನ ಕಳಿಸ್ತೀರಾ?"

ಅವನು ಎದ್ದು ಅಂಗಳಕ್ಕೆ ಹೋದ.

ಅಲ್ಲಿ ಸುಮ್ಮನೆ ಕೂರಲಿಲ್ಲ. ಗುಜರಿಯಲ್ಲಿ ಬಿದ್ದಿದ್ದ ಹಳೇ ಸ್ಪೀಕರ್ ಒಡೆದು ಅದರ ಮ್ಯಾಗ್ನೆಟ್ ತೆಗೆದ. ಹಗ್ಗ ಕಟ್ಟಿ ನೆಲದ ಮೇಲೆ ಎಳೆಯುತ್ತಾ ಗ್ಯಾರೇಜಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋದ. ತಿರುಗಿಸಿ ನೋಡಿದರೆ ಮ್ಯಾಗ್ನೆಟ್ಟಿನ ಮೈ ಕಾಣುತ್ತಿರಲಿಲ್ಲ. ತಂತಿ ಎಳೆ, ಕಬ್ಬಿಣದ ಪುಡಿ, ಮುರಿದ ಮೊಳೆ, ಎಲ್ಲ ನಿಗುರಿ ನಿಂತಿದ್ದವು. ಅವನು ಅದನ್ನು ಒಂದು ಹಾಳೆಗೆ ಉದುರಿಸಿದ, ಮತ್ತೆ ಎಳೆದ, ಮತ್ತೆ ತುಂಬಿತು. ಇದೇ ನೆಲದ ಮೇಲೆ ಅವನ ತಾಯಿ ಬರಿಗಾಲಲ್ಲಿ ಬಟ್ಟೆ ಒಣಗಿಸಲು ಹೋಗುವುದು. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಅವತ್ತಿಂದ ದಿನಾ ಸಂಜೆ ಮ್ಯಾಗ್ನೆಟ್ ಎಳೆಯುವುದು ಅವನ ಕೆಲಸ. ಚೆಲ್ಲಿದ ಎಣ್ಣೆಗೆ ಮರದ ಪುಡಿ ಹಾಕಿ ಗುಡಿಸುವುದೂ ಅವನದೇ. ಬ್ಯಾಟರಿ ಇಡುವ ಕಡೆ, ಚೆಲ್ಲಿದ ಆಸಿಡ್ ಯಾರೂ ತುಳಿಯದ ಹಾಗೆ, ಹಲಗೆ ಅಡ್ಡ ಇಟ್ಟ. ಮಾತ್ರೆ ಮುಗಿದರೆ ಆಸ್ಪತ್ರೆಗೆ ವ್ಯಾನ್ ತೆಗೆಯುತ್ತಿದ್ದವನೂ ಅವನೇ.

ಆದರೆ ಸ್ಟೆಪ್ನಿ ಅವನ ಹತ್ತಿರ ಬರುತ್ತಿರಲಿಲ್ಲ. ಅವನು ಅಂಗಳದ ಈ ಕಡೆ ಬಂದರೆ ಅದು ಆ ಕಡೆ. ಅವನ ಕೈಯ ಎಣ್ಣೆ ವಾಸನೆ ಮೂಗಿಗೆ ಬಡಿದರೆ ಸಾಕು, ಬಾಲ ಒಳಗೆ ಹೋಗುತ್ತಿತ್ತು. ಅದು ಅವನಿಗೆ ಚುಚ್ಚುತ್ತಿದೆ ಅಂತ ಹೆಂಡತಿಗೆ ಗೊತ್ತಾಗುತ್ತಿತ್ತು.

"ಲಾರಿ ಭಾಗ ಬಂತು" ಅಂದ ಒಂದು ದಿನ. "ನಾಡಿದ್ದು ಕೊಡಬೇಕು."

"ನಾಯಿ?" ಅಂದಳು ಅವಳು.

"ಅದಕ್ಕೆ ನಾನು ಬೇಡವಾಗಿದ್ದೀನಲ್ಲ. ನನ್ನ ಮನೇಲಿ ನನ್ನನ್ನು ಕಂಡರೆ ಹೆದರಿ ಸಾಯೋ ಪ್ರಾಣೀನ ಹೇಗೆ ಇಟ್ಕೊಳ್ಳೋದು ಹೇಳು."

ಅವಳು ಸೋಪು ತಂದು ಅವನ ಕೈಗಿಟ್ಟಳು. "ಮೊಣಕೈವರೆಗೆ ತೊಳ್ಕೊಳ್ಳಿ. ಆಮೇಲೆ ಬಂದು ನೆಲದ ಮೇಲೆ ಕೂತ್ಕೊಳ್ಳಿ. ಹಿಡೀಬೇಡಿ, ಕರೀಬೇಡಿ. ಸುಮ್ನೆ ಕೂತಿರಿ."

ಅವನು ತೊಳೆದ. ಅವಳು ಮೂಸಿ ನೋಡಿ ಮತ್ತೆ ತೊಳೆಸಿದಳು. ಅವಳು ಪಾದ ತೊಳೆಯುವಾಗ ಅವನು ದೂರದಲ್ಲಿ ಕೂತ. ಸ್ಟೆಪ್ನಿ ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಸಂಜೆ ಸ್ವಲ್ಪ ಹತ್ತಿರ ಕೂತ, ಮರುದಿನ ಇನ್ನೂ ಸ್ವಲ್ಪ. ಒಣ ಬಟ್ಟೆಯ ಚೌಕ ಅವಳಿಗೆ ಎತ್ತಿಕೊಟ್ಟ. ಲಾರಿ ಡ್ರೈವರ್ ಬರುವ ದಿನ ಬೆಳಿಗ್ಗೆ ಅವಳು ಬಟ್ಟೆಯನ್ನು ಅವನ ಕೈಯಲ್ಲೇ ಬಿಟ್ಟು ಪಕ್ಕಕ್ಕೆ ಸರಿದಳು. ಅವನು ಅಂಗೈ ನೆಲದ ಮೇಲೆ ಚಾಚಿ ಕಾದ. ಸ್ಟೆಪ್ನಿ ಆ ಕೈಯನ್ನು ಮೂಸಿತು. ಬಹಳ ಹೊತ್ತು ಮೂಸಿತು. ಆಮೇಲೆ ನಿಟ್ಟುಸಿರು ಬಿಟ್ಟು ಅಲ್ಲೇ ಒರಗಿ ಕಾಲು ಚಾಚಿತು.

ಗೇಟಿನ ಹತ್ತಿರ ಡ್ರೈವರ್ ಬಂದು ನಿಂತಾಗ ಮೆಕ್ಯಾನಿಕ್ ಉಸಿರು ಬಿಗಿಹಿಡಿದು ಬೆರಳ ಸಂದಿಯ ನೀರು ಒತ್ತುತ್ತಿದ್ದ.

"ಏನಣ್ಣ, ಗಾಡಿ ರೆಡಿನಾ? ನಾಯಿ ಕೊಡ್ತೀನಿ ಅಂದಿದ್ಯಲ್ಲ."

ಮೆಕ್ಯಾನಿಕ್ ತಲೆ ಎತ್ತಲಿಲ್ಲ. "ಗಾಡಿ ರೆಡಿ. ತಗೊಂಡು ಹೋಗು. ನಾಯಿ ಬರಲ್ಲ."

"ಯಾಕಣ್ಣ, ಕಚ್ಚುತ್ತೆ ಅಂತ ನೀನೇ ಅಂದಿದ್ಯಲ್ಲ."

"ನೋಯಿಸಿದ್ದು ನಾನು" ಅಂದ ಮೆಕ್ಯಾನಿಕ್. "ಸ್ವಲ್ಪ ಮೆತ್ತಗೆ ಮಾತಾಡು, ಕಾಲು ಎಳ್ಕೊಂಡೀತು."

ಟೈಲರಮ್ಮ ಒಳಗೆ ಹೋಗಿ ಯಂತ್ರದ ಮುಂದೆ ಕೂತಳು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ನಾಯಿ ಕಾಲನ್ನು ಬಿಡದೆ ನೆಕ್ಕುತ್ತಿದೆಯೇ, ಕಚ್ಚಿಕೊಳ್ಳುತ್ತಿದೆಯೇ, ಕುಂಟುತ್ತಿದೆಯೇ? ಬೆರಳ ಸಂದಿ ಕೆಂಪಾಗಿದೆಯೇ, ಊದಿದೆಯೇ, ಕೂದಲಿನ ಬಣ್ಣ ಕಂದಾಗಿದೆಯೇ, ವಾಸನೆ, ಕೀವು ಇದೆಯೇ? ಹಾಗಿದ್ದರೆ ಎಣ್ಣೆ ಡಬ್ಬಿ ಮುಟ್ಟಬೇಡಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಸಂದಿಗಳನ್ನು ಒಣಗಿಸಿ, ನೆಕ್ಕದ ಹಾಗೆ ನೋಡಿಕೊಂಡು ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ಅವರು ಸಾಕು ಅನ್ನುವ ತನಕ ಔಷಧಿ ನಿಲ್ಲಿಸಬೇಡಿ. ವಾಸಿಯಾದ ಮೇಲೂ ನಾಯಿ ಓಡಾಡುವ ನೆಲ ನೋಡಿ, ಹೊರಗಿಂದ ಬಂದಾಗ ಪಾದ ಒರೆಸಿ, ಉಗುರು ಬೆಳೆಯಲು ಬಿಡಬೇಡಿ. ನಾಯಿ ಗುರುಗುಟ್ಟಿದರೆ ಮನೆಯಿಂದ ಆಚೆ ಹಾಕುವ ಮೊದಲು, ಅದಕ್ಕೆ ಎಲ್ಲಿ ನೋವಾಗುತ್ತಿದೆ ಅಂತ ಒಮ್ಮೆ ಹುಡುಕಿ. ಈಗಲೇ ಎದ್ದು ಹೋಗಿ, ಕೈ ತೊಳೆದುಕೊಂಡು, ಅದರ ಪಕ್ಕ ಕೂತು, ಆ ಕಾಲನ್ನು ಮೆಲ್ಲಗೆ ಎತ್ತಿ ನೋಡಿ.